ನಾಟಕದ ರಾವಣ ಬೆಳ್ಳಿತೆರೆಗೆ ಬಂದದ್ದು: ಆರ್. ನಾಗೇಂದ್ರರಾಯರ ಚಿತ್ರಜೀವನ

ನಿಡಸೋಸಿಯಿಂದ ಸಂಕೇಶ್ವರಕ್ಕೆ ಬಂದು ಪುಣೆಯ ಹೆದ್ದಾರಿಯ ಬಸ್ಸು ಹಿಡಿದರೆ, ನಿಪ್ಪಾಣಿ ದಾಟಿ, ಎರಡು ತಾಸಿನ ಒಳಗಾಗಿ ಕೊಲ್ಹಾಪುರವನ್ನು ಮುಟ್ಟಬಹುದು. ನಮ್ಮ ಹುಕ್ಕೇರಿ ಸೀಮೆಯ ಹಿರಿಯರಿಗೆ ಆ ಊರು ಪರವೂರೇನೂ ಅಲ್ಲ. ಬೆಲ್ಲದ ಪೇಟೆಗೆ, ಅಂಬಾಬಾಯಿಯ ದರ್ಶನಕ್ಕೆ, ಕುಸ್ತಿಯ ಜಂಗಿಗೆ ಅವರು ಹೋಗಿ ಬರುತ್ತಿದ್ದ ಊರು. ಕನ್ನಡದ ಮೊದಲು ತೆರೆಕಂಡ ವಾಕ್ಚಿತ್ರ 'ಸತಿ ಸುಲೋಚನ' ತಯಾರಾದುದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಿಯೂ ಅಲ್ಲ, ಈ ಕೊಲ್ಹಾಪುರದಲ್ಲಿ ಎಂಬ ಸಂಗತಿ ನಮ್ಮ ಭಾಗದಲ್ಲಿಯೇ ಅನೇಕರಿಗೆ ತಿಳಿದಿಲ್ಲ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಆ ಚಿತ್ರದಲ್ಲಿ ರಾವಣನಾಗಿ ನಟಿಸಿದವರು ರಟ್ಟಿಹಳ್ಳಿ ನಾಗೇಂದ್ರರಾಯರು. ಬಾಲ್ಯದಿಂದಲೂ ನಾಟಕದ ಕಂಪನಿಗಳಲ್ಲಿ ಬೆಳೆದು, ಮೂವತ್ತರ ನಡುಹರೆಯದಲ್ಲಿ ಕ್ಯಾಮರಾದ ಮುಂದೆ ನಿಂತು, ಎಪ್ಪತ್ತರ ಪ್ರಾಯದವರೆಗೂ ಬಣ್ಣ ಹಚ್ಚಿದವರು ಅವರು. ಕನ್ನಡ ಚಿತ್ರವು ಕನ್ನಡ ರಂಗಭೂಮಿಯ ಹೊಟ್ಟೆಯಿಂದ ಹೇಗೆ ಹುಟ್ಟಿ ಬಂದಿತು ಎಂಬುದನ್ನು ಒಬ್ಬ ಮನುಷ್ಯನ ಜೀವನದಿಂದ ತಿಳಿಯಬೇಕಾದರೆ ಇವರ ಜೀವನಕ್ಕಿಂತ ಸ್ಪಷ್ಟವಾದುದು ಸಿಕ್ಕುವುದು ಕಷ್ಟ.

ನಾಗೇಂದ್ರರಾಯರು ಹುಟ್ಟಿದ್ದು 1896ರಲ್ಲಿ, ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಯಲ್ಲಿ. ಇನ್ನೂ ಎಳೆಯ ಹುಡುಗನಾಗಿದ್ದಾಗಲೇ ನಾಟಕಕ್ಕೆ ಸೇರಿದರು. ಆ ಕಾಲದಲ್ಲಿ ಹುಡುಗನಾಗಿ ಸೇರುವುದೆಂದರೆ ಸ್ತ್ರೀ ಪಾತ್ರಕ್ಕೆ ಸೇರುವುದೆಂದೇ ಅರ್ಥ. ಮೀಸೆ ಮೂಡುವವರೆಗೆ, ಕಂಠ ಒಡೆಯುವವರೆಗೆ ಸೀತೆ, ಚಂದ್ರಮತಿ, ಶಕುಂತಲೆ. ಆಮೇಲೆ ಅದೃಷ್ಟವಿದ್ದರೆ ನಾಯಕ, ಇಲ್ಲವಾದರೆ ಪರದೆ ಎಳೆಯುವ ಕೆಲಸ. ಕಂಠ ಒಡೆದ ಮೇಲೆ ಎಷ್ಟೋ ಹುಡುಗರು ಹೇಳಹೆಸರಿಲ್ಲದಂತೆ ಹೋದರು. ಉಳಿದವರು ಉಳಿದದ್ದು ಬರಿಯ ರೂಪದಿಂದಲ್ಲ. ಮಾತು, ಹಾಡು, ಅಂಗಚಲನೆ ಈ ಮೂರನ್ನೂ ಕಂಪನಿಯ ಗುರುಗಳ ಕೈಯಲ್ಲಿ ಪೆಟ್ಟು ತಿಂದು ಕಲಿತುದರಿಂದ.

ಕಂಪನಿ ನಾಟಕವನ್ನು ಕಾಣದ ಇಂದಿನ ವಾಚಕರಿಗೆ ಅದರ ರೀತಿಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಊರ ಹೊರಗೆ ತಗಡಿನ ಥೇಟರು, ಮೊಕ್ಕಾಂ ಹೂಡಿದರೆ ತಿಂಗಳುಗಟ್ಟಲೆ. ಮುಂದೆ ನೆಲ, ಹಿಂದೆ ಬೆಂಚು, ಖುರ್ಚಿ. ರಂಗದ ಅಂಚಿನಲ್ಲಿ ಕಾಲು ಹಾರ್ಮೋನಿಯಂ, ತಬಲಾ. ಅರಮನೆ, ಅಡವಿ, ಬೀದಿ, ಕೈಲಾಸ ಎಂದು ಸುರುಳಿ ಸುತ್ತಿ ಬಿಡುವ ಬಣ್ಣದ ಪರದೆಗಳು. ಗ್ಯಾಸಿನ ದೀಪ. ಮೈಕು ಎಂಬ ವಸ್ತುವಿನ ಸುಳಿವೇ ಇಲ್ಲ. ಕಟ್ಟಕಡೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತವನಿಗೂ 'ಅಮ್ಮಾ' ಎಂಬ ನಿಟ್ಟುಸಿರು ಕೇಳಬೇಕು. ಅದು ಕೂಗಿದಂತೆಯೂ ಇರಬಾರದು. ಹಾಡು ಮೆಚ್ಚಿಕೆಯಾದರೆ 'ವನ್ಸ್ ಮೋರ್' ಎಂಬ ಕೂಗು. ಸತ್ತು ಬಿದ್ದ ಪಾತ್ರಧಾರಿ ಎದ್ದು ಕುಳಿತು ಮತ್ತೆ ಹಾಡಿ ಮತ್ತೆ ಸಾಯಬೇಕಾದ ಪ್ರಸಂಗಗಳನ್ನು ಹಿರಿಯರು ನಗುತ್ತ ಹೇಳುವುದುಂಟು. ನಮ್ಮ ಬೆಳಗಾವಿಯ ಕಡೆಗೆ ಈ ರೀತಿಗೆ ಮರಾಠಿ ಸಂಗೀತ ನಾಟಕದ ಮೆರುಗೂ ಬಂದಿತು. ಆ ಸಂಗೀತ ನಾಟಕವನ್ನು 1880ರಲ್ಲಿ ಶಾಕುಂತಲದಿಂದ ನೆಲೆಗೊಳಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಜಿಲ್ಲೆಯ ಗುರ್ಲಹೊಸೂರಿನವರೇ ಎಂಬುದನ್ನು ಇಲ್ಲಿ ನೆನೆಯಬಹುದು. ಮೈಸೂರಿನ ಕಡೆ 1881ರಲ್ಲಿ ಅರಮನೆಯ ಆಶ್ರಯದಲ್ಲಿ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆ ತಲೆಯೆತ್ತಿತು. ಮುಂದೆ ವರದಾಚಾರ್ಯರ ರತ್ನಾವಳಿ ಕಂಪನಿ, ಗುಬ್ಬಿ ಕಂಪನಿ ಬೆಳೆದವು. ನಾಗೇಂದ್ರರಾಯರ ತರಬೇತು ಈ ಮೈಸೂರು ಸಂಪ್ರದಾಯದ್ದು.

ಇಂಥ ನಟನಿಗೂ ಯಂತ್ರದಿಂದ ಮೂಡುವ ಚಿತ್ರಕ್ಕೂ ಏನು ಸಂಬಂಧ? ಮೂಕಿಚಿತ್ರಗಳ ಕಾಲದಲ್ಲಿ ಹೆಚ್ಚು ಸಂಬಂಧವಿರಲಿಲ್ಲ. ಅಲ್ಲಿ ಬೇಕಾದದ್ದು ಮುಖ, ಮೈಕಟ್ಟು, ಕುದುರೆ ಸವಾರಿ, ಕತ್ತಿವರಸೆ. 1931ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ಅರ್ದೇಶಿರ್ ಇರಾಣಿಯವರ 'ಆಲಂ ಆರಾ' ಮಾತನಾಡಿತು. ಒಂದೇ ವರುಷದಲ್ಲಿ ಚಿತ್ರ ತೆಗೆಯುವವರ ಅವಶ್ಯಕತೆಯೇ ಬದಲಾಗಿ ಹೋಯಿತು. ಈಗ ಬೇಕಾದದ್ದು ನಾಲಗೆ ಮತ್ತು ಕಂಠ. ಇಲ್ಲಿ ಒಂದು ತಾಂತ್ರಿಕ ಸಂಗತಿಯನ್ನು ತಿಳಿಯಬೇಕು. ಹಾಡನ್ನು ಮೊದಲೇ ಒಬ್ಬರಿಂದ ಹಾಡಿಸಿ ಮುದ್ರಿಸಿಕೊಂಡು, ನಟಿಸುವಾಗ ಇನ್ನೊಬ್ಬರು ತುಟಿ ಆಡಿಸುವ ಹಿನ್ನೆಲೆ ಗಾಯನದ ಪದ್ಧತಿ ಹಿಂದಿ ಚಿತ್ರಗಳಲ್ಲಿ ಬಂದದ್ದು 1935ರ 'ಧೂಪ್ ಛಾಂವ್' ಚಿತ್ರದಿಂದ. ಅದಕ್ಕೆ ಮುಂಚಿನ ವಾಕ್ಚಿತ್ರಗಳಲ್ಲಿ ಪಾತ್ರಧಾರಿಯು ಕ್ಯಾಮರಾದ ಎದುರಿಗೆ ಅಭಿನಯಿಸುತ್ತಲೇ ಹಾಡಬೇಕು. ವಾದ್ಯದವರು ಚೌಕಟ್ಟಿನ ಹೊರಗೆ ಮರೆಯಲ್ಲಿ ಕುಳಿತು ನುಡಿಸಬೇಕು. ಎರಡೂ ಒಟ್ಟಿಗೆ ಮುದ್ರಣವಾಗಬೇಕು. ನಡುವೆ ಒಬ್ಬನು ಕೆಮ್ಮಿದರೆ ಎಲ್ಲವೂ ಮೊದಲಿನಿಂದ. ಮಾತು, ಹಾಡು, ಅಭಿನಯ ಮೂರನ್ನೂ ಏಕಕಾಲಕ್ಕೆ ತಪ್ಪಿಲ್ಲದೆ ಮಾಡಬಲ್ಲವರು ಈ ದೇಶದಲ್ಲಿ ಯಾರಿದ್ದರು? ಕಂಪನಿಯ ನಟರು ಮಾತ್ರ. ಚಿತ್ರರಂಗವು ನಾಟಕದವರಿಗೆ ಬಾಗಿಲು ತೆರೆದದ್ದು ಉದಾರತೆಯಿಂದಲ್ಲ, ಬೇರೆ ದಾರಿ ಇಲ್ಲದೆ.

ಹೀಗೆ ಮುಂಬಯಿಗೆ ಹೋದವರಲ್ಲಿ ನಾಗೇಂದ್ರರಾಯರೂ ಒಬ್ಬರು. ಆಗ ದಕ್ಷಿಣದ ಭಾಷೆಗಳ ಚಿತ್ರಗಳೂ ಮುಂಬಯಿಯ ಸ್ಟೂಡಿಯೋಗಳಲ್ಲಿಯೇ ತಯಾರಾಗುತ್ತಿದ್ದವು. ಅಲ್ಲಿ ಅವರು 1932ರ 'ಪಾರಿಜಾತ ಪುಷ್ಪಾಪಹರಣಂ' ಎಂಬ ತಮಿಳು ಚಿತ್ರದಲ್ಲಿ ಅಭಿನಯಿಸಿದರು. ಕನ್ನಡ ನಟನ ಚಿತ್ರಜೀವನ ಅನ್ಯಭಾಷೆಯಲ್ಲಿ ಮೊದಲಾಯಿತು! ನಮ್ಮ ಉತ್ತರ ಕರ್ನಾಟಕದ ಕಲಾವಿದರ ಗತಿಯೂ ಬಹಳ ಮಟ್ಟಿಗೆ ಇದೇ. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಕಂಠವನ್ನು 1943ರ 'ಕಿಸ್ಮತ್' ಚಿತ್ರದ ಮೂಲಕ ಹಿಂದೂಸ್ತಾನವೆಲ್ಲ ಕೇಳಿತು. ಹುಬ್ಬಳ್ಳಿಯ ಮಗ್ಗುಲಿನ ಅದರಗುಂಚಿಯ ಶಾಂತಾ ಹುಬಳೀಕರರು 1939ರಲ್ಲಿ ಪ್ರಭಾತ್ ಕಂಪನಿಯ 'ಮಾಣೂಸ್' ಚಿತ್ರದ ನಾಯಿಕೆಯಾದರು. ಇಬ್ಬರೂ ಹೆಸರಿನಲ್ಲಿ ನಾಡನ್ನೂ ಊರನ್ನೂ ಹೊತ್ತುಕೊಂಡರು. ಹೆಸರಾದದ್ದು ಹಿಂದಿಯಲ್ಲಿ, ಮರಾಠಿಯಲ್ಲಿ. ಅವರನ್ನು ದೂರುವ ಹಾಗಿಲ್ಲ. ಕನ್ನಡದಲ್ಲಿ ಆಗ ಅವರಿಗೆ ಕೊಡುವುದಕ್ಕೆ ಕೆಲಸವೇ ಇರಲಿಲ್ಲ. ನಾಗೇಂದ್ರರಾಯರ ವಿಶೇಷವೆಂದರೆ ಅವರು ತಿರುಗಿ ಬಂದದ್ದು. ಮುಂಬಯಿಯಲ್ಲಿ ಕಂಡು ಕಲಿತುದನ್ನು ತಲೆಯಲ್ಲಿ ಇಟ್ಟುಕೊಂಡು ಬಂದು, ಗೆಳೆಯರಾದ ಎಂ. ವಿ. ಸುಬ್ಬಯ್ಯ ನಾಯುಡು ಅವರ ಜೊತೆಗೂಡಿ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಲಿಯನ್ನು ಕಟ್ಟಿ ನಡೆಸಿದರು. ನಾಯುಡು ಅವರು ಎತ್ತರದ ನಿಲುವಿನ, ಗಟ್ಟಿ ಕಂಠದ ನಾಯಕನಟರು. ನಾಗೇಂದ್ರರಾಯರು ಖಳನಿಂದ ಹಿಡಿದು ನಾರದನವರೆಗೆ ಯಾವ ಪಾತ್ರಕ್ಕೂ ಒಗ್ಗುವವರು. ಈ ಜೋಡಿಯ ಸುತ್ತಲೇ ಮುಂದಿನ ಹತ್ತು ಹದಿನೈದು ವರುಷಗಳ ಕತೆ ಸುತ್ತುತ್ತದೆ.

ಬೆಂಗಳೂರಿನಲ್ಲಿ ನೆಲೆಸಿದ್ದ ಮಾರವಾಡಿ ವ್ಯಾಪಾರಿ ಚಮನ್‌ಲಾಲ್ ಡುಂಗಾಜಿಯವರಿಗೆ ಕನ್ನಡದಲ್ಲಿ ಒಂದು ವಾಕ್ಚಿತ್ರ ತೆಗೆಯಬೇಕೆಂಬ ಮನಸ್ಸಾಯಿತು. ಸೌತ್ ಇಂಡಿಯಾ ಮೂವಿಟೋನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಿರ್ದೇಶನಕ್ಕೆ ವೈ. ವಿ. ರಾವ್ ಬಂದರು. ಸಂಭಾಷಣೆ ಮತ್ತು ಹಾಡುಗಳನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ನಾಟಕದ ಕಂಪನಿಗಳಿಗೆ ಬರೆದು ಕೈ ಪಳಗಿದವರು. ಕಥೆ ಇಂದ್ರಜಿತುವಿನ ಪತ್ನಿ ಸುಲೋಚನೆಯದು. ಲಕ್ಷ್ಮಣನ ಬಾಣಕ್ಕೆ ಬಿದ್ದ ಗಂಡನ ಶಿರಸ್ಸನ್ನು ಬೇಡಲು ರಾಮನ ಪಾಳೆಯಕ್ಕೇ ಹೋಗುವ ಆ ಹೆಣ್ಣುಮಗಳ ಕಥೆ ವಾಲ್ಮೀಕಿಯಲ್ಲಿಲ್ಲ. ಜನಪ್ರಿಯ ನಾಟಕಗಳಿಂದ ನಮ್ಮವರ ಮನಸ್ಸಿನಲ್ಲಿ ಬೇರೂರಿದುದು. ಇಂದ್ರಜಿತುವಾಗಿ ಸುಬ್ಬಯ್ಯ ನಾಯುಡು, ಸುಲೋಚನೆಯಾಗಿ ತ್ರಿಪುರಾಂಬ, ಮಂಡೋದರಿಯಾಗಿ ಲಕ್ಷ್ಮೀಬಾಯಿ, ರಾವಣನಾಗಿ ನಾಗೇಂದ್ರರಾಯರು. ನಿರ್ದೇಶಕ ವೈ. ವಿ. ರಾಯರೇ ಲಕ್ಷ್ಮಣನ ವೇಷ ಹಾಕಿದರು.

ಆದರೆ ಚಿತ್ರ ತೆಗೆಯುವುದೆಲ್ಲಿ? ಮೈಸೂರು ಸೀಮೆಯಲ್ಲಿ ಮಾತನ್ನು ಮುದ್ರಿಸುವ ಸ್ಟೂಡಿಯೋ ಇರಲಿಲ್ಲ. ಕೊಲ್ಹಾಪುರದಲ್ಲಿ ಇತ್ತು. ಬಾಬುರಾವ್ ಪೇಂಟರರು ಮೂಕಿಯ ಕಾಲದಲ್ಲಿಯೇ ಅಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿದ್ದರು. ಅವರ ಕೈಕೆಳಗೆ ಕಲಿತ ಶಾಂತಾರಾಮ ಮೊದಲಾದವರು 1929ರಲ್ಲಿ ಅಲ್ಲಿಯೇ ಪ್ರಭಾತ್ ಕಂಪನಿಯನ್ನು ಆರಂಭಿಸಿ 1933ರಲ್ಲಿ ಪುಣೆಗೆ ಹೋದರು. ಹೀಗಾಗಿ ಬಡಿಗ, ಬಣ್ಣದವ, ದೀಪದವ, ಕ್ಯಾಮರಾದವ ಎಲ್ಲರೂ ಆ ಊರಿನಲ್ಲಿ ಸಿಕ್ಕುತ್ತಿದ್ದರು. ಅಲ್ಲಿನ ಛತ್ರಪತಿ ಸಿನಿಟೋನಿನಲ್ಲಿ 'ಸತಿ ಸುಲೋಚನ'ದ ಚಿತ್ರೀಕರಣ ನಡೆಯಿತು. ಸುಮಾರು 40,000 ರೂಪಾಯಿ ಖರ್ಚು, ಎರಡು ತಿಂಗಳ ಕೆಲಸ. ಮೈಸೂರಿನ ಕನ್ನಡ, ಸುತ್ತಲೂ ಕೆಲಸಗಾರರ ಮರಾಠಿ, ಬಂಡವಾಳ ಮಾರವಾಡಿಯದು. ನಿಪ್ಪಾಣಿಯ ಸಂತೆಯಲ್ಲಿ ನಿಂತು ಕೇಳಿದರೆ ಇಂಥ ಬೆರಕೆ ನಮಗೆ ಇಂದಿಗೂ ಹೊಸದಲ್ಲ.

ಚಿತ್ರವು ಮೂರು ತಾಸಿಗೆ ಸ್ವಲ್ಪವೇ ಕಡಿಮೆ. ಇದೂ ನಾಟಕದ ಅಳತೆಯೇ. ರಾತ್ರಿಯಿಡೀ ನಾಟಕ ನೋಡಿ ಬೆಳಗಿನ ಜಾವ ಮನೆಗೆ ಹೋಗುತ್ತಿದ್ದ ಪ್ರೇಕ್ಷಕನಿಗೆ ಒಂದೂವರೆ ತಾಸಿನ ಆಟ ತೋರಿಸಿದರೆ ಅವನು ದುಡ್ಡು ವಾಪಸು ಕೇಳುತ್ತಿದ್ದನು. ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಅದು ವಾರಗಟ್ಟಲೆ ತುಂಬಿದ ಮನೆಗೆ ಓಡಿತು. ಪಾರ್ಶ್ವನಾಥ ಆಳ್ತೇಕರರು ನಿರ್ದೇಶಿಸಿದ 'ಭಕ್ತ ಧ್ರುವ' ಇದಕ್ಕಿಂತ ಮೊದಲೇ ಆರಂಭವಾಗಿದ್ದರೂ ತೆರೆಗೆ ಬಂದದ್ದು ಆಮೇಲೆ. ಅದರಲ್ಲಿಯೂ ಇದ್ದವರು ಕಂಪನಿ ನಾಟಕದವರೇ. ಮರುವರುಷ ಗುಬ್ಬಿ ಕಂಪನಿಯು ತನ್ನ 'ಸದಾರಮೆ'ಯನ್ನು ಚಿತ್ರವಾಗಿಸಿತು. ಕನ್ನಡದ ಮೊದಲ ಚಿತ್ರಗಳೆಂದರೆ, ನೇರವಾಗಿ ಹೇಳಬೇಕಾದರೆ, ನಾಟಕದ ಕಂಪನಿಗಳು ಪರದೆ, ಪೆಟ್ಟಿಗೆ ಕಟ್ಟಿಕೊಂಡು ಹೂಡಿದ ಇನ್ನೊಂದು ಮೊಕ್ಕಾಂ.

ಆ ರಾವಣನನ್ನು ಇಂದು ನಾವು ನೋಡುವಂತಿಲ್ಲ. 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ಕೆಲವು ನಿಶ್ಚಲ ಚಿತ್ರಗಳು, ಜಾಹೀರಾತಿನ ತುಣುಕುಗಳು ಬಿಟ್ಟರೆ ಕನ್ನಡದ ಮೊದಲ ಮಾತು, ಮೊದಲ ಹಾಡು ಹೇಗಿತ್ತೆಂದು ಕಿವಿಯಿಂದ ಕೇಳುವ ಭಾಗ್ಯ ನಮಗಿಲ್ಲ. ಆ ಕಾಲದ ಫಿಲ್ಮು ನೈಟ್ರೇಟಿನದು. ಸೆಕೆಗೆ ಹಾಳಾಗುವುದು, ಕಿಡಿ ತಾಗಿದರೆ ಭಗ್ಗನೆ ಉರಿಯುವುದು. ಓಡಿ ಓಡಿ ಸವೆದ ಪ್ರತಿಗಳನ್ನು ಅದರಲ್ಲಿರುವ ಬೆಳ್ಳಿಯ ಅಂಶಕ್ಕಾಗಿ ಕರಗಿಸುವವರಿಗೆ ತೂಕದ ಮೇಲೆ ಮಾರುವುದೂ ಅಂದಿನ ವ್ಯಾಪಾರದ ರೂಢಿ. ಪುಣೆಯಲ್ಲಿ ರಾಷ್ಟ್ರೀಯ ಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಸುಲೋಚನೆ ತೆರೆಕಂಡ 30 ವರುಷಗಳ ಮೇಲೆ. ಪಂಪನ ಓಲೆಗರಿಗಳು ಸಾವಿರ ವರುಷ ದಾಟಿ ನಮ್ಮ ಕೈಗೆ ಬಂದಿವೆ. ಒಬ್ಬರ ಪ್ರತಿ ಹಾಳಾದರೆ ಇನ್ನೊಬ್ಬರ ಪ್ರತಿಯಿಂದ ತಿದ್ದಿಕೊಂಡಿದ್ದೇವೆ. ಹತ್ತೊಂಬತ್ತುನೂರ ಮೂವತ್ತನಾಲ್ಕರ ಒಂದು ವಸ್ತು ಒಂದು ಪೀಳಿಗೆಯನ್ನೂ ದಾಟದೆ ಹೋಯಿತು. ಪಾಠಾಂತರ ನೋಡಿ ನೋಡಿ ಕಣ್ಣು ಸವೆಸಿಕೊಂಡ ನಮ್ಮಂಥವರಿಗೆ ಇದು ಹೊಟ್ಟೆಯುರಿಯ ಸಂಗತಿ.

ಸುಲೋಚನೆಯ ಯಶಸ್ಸಿನಿಂದ ಕನ್ನಡ ಚಿತ್ರಗಳ ಹೊಳೆ ಹರಿಯಿತೆಂದು ಯಾರೂ ತಿಳಿಯಬಾರದು. ಮುಂದಿನ ಹಲವು ವರುಷಗಳ ಕನ್ನಡ ಚಿತ್ರಗಳನ್ನು ಬೆರಳ ಮೇಲೆ ಎಣಿಸಬಹುದು. ಕನ್ನಡನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದ ಕಾಲ. ನಮ್ಮ ಭಾಗದ ಚಿತ್ರಮಂದಿರಗಳಿಗೆ ಬರುತ್ತಿದ್ದುದು ಮರಾಠಿ, ಹಿಂದಿ ಚಿತ್ರಗಳು. ಮೈಸೂರು ಸೀಮೆಯೊಂದನ್ನೇ ನಂಬಿ ಯಾವ ಧನಿಕನೂ ದುಡ್ಡು ಹಾಕಲಾರ. ಇದರ ಪರಿಣಾಮ ಎಷ್ಟು ವಿಚಿತ್ರವೆಂಬುದಕ್ಕೆ 'ಭೂಕೈಲಾಸ'ವೇ ಸಾಕ್ಷಿ. ಅದು ಸಾಹಿತ್ಯ ಸಾಮ್ರಾಜ್ಯ ಮಂಡಲಿಯ ಹೆಸರಾಂತ ನಾಟಕ. ತಾಯಿಗಾಗಿ ಆತ್ಮಲಿಂಗವನ್ನು ತರಹೊರಟ ರಾವಣ, ಅದನ್ನು ತಪ್ಪಿಸಲು ಹವಣಿಸುವ ನಾರದ, ದನಕಾಯುವ ಹುಡುಗನಾಗಿ ಬಂದು ಲಿಂಗವನ್ನು ನೆಲಕ್ಕಿಡುವ ಗಣಪ. ನಮ್ಮ ಗೋಕರ್ಣದ ಕಥೆ; ಕನ್ನಡಿಗರದೇ ಸ್ಥಳಪುರಾಣ. ಇದನ್ನು ಎ. ವಿ. ಮೆಯ್ಯಪ್ಪನವರು 1940ರಲ್ಲಿ ಚಿತ್ರವಾಗಿಸಿದರು, ಸುಂದರರಾವ್ ನಾಡಕರ್ಣಿಯವರ ನಿರ್ದೇಶನದಲ್ಲಿ. ಸುಬ್ಬಯ್ಯ ನಾಯುಡು ರಾವಣ, ನಾಗೇಂದ್ರರಾಯರು ನಾರದ. ಆದರೆ ಭಾಷೆ ತೆಲುಗು! ಕನ್ನಡ ನಾಟಕ, ಕನ್ನಡದ ನಟರು, ಕನ್ನಡನಾಡಿನ ಕಥೆ. ಮಾರುಕಟ್ಟೆ ಮಾತ್ರ ಆಂಧ್ರದ್ದು. ಅದೇ ಕಥೆ ಅದೇ ಸಂಸ್ಥೆಯಿಂದ ಕನ್ನಡದ ಮಾತಿನಲ್ಲಿ ಬಂದದ್ದು 1958ರಲ್ಲಿ, ರಾಜಕುಮಾರರು ರಾವಣ, ಕಲ್ಯಾಣಕುಮಾರರು ನಾರದ. ಆ ರಾಜಕುಮಾರರೂ ಹುಡುಗತನದಲ್ಲಿ ತಂದೆಯ ಬೆನ್ನಿಗೆ ಕಂಪನಿಗಳನ್ನು ಸುತ್ತಿ ಬೆಳೆದವರು.

1941ರ 'ವಸಂತಸೇನಾ' ಕನ್ನಡದ್ದು. ಅದರ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕೆಂದು ನನಗೆ ಆಸೆ, ಏಕೆಂದರೆ ಅದರ ಮೂಲ ಶೂದ್ರಕನ ಮೃಚ್ಛಕಟಿಕ. ಚಾರುದತ್ತನ ಪಾತ್ರ ಸುಬ್ಬಯ್ಯ ನಾಯುಡು ಅವರದು, ವಸಂತಸೇನೆ ಲಕ್ಷ್ಮೀಬಾಯಿ. ನಾಗೇಂದ್ರರಾಯರದು ಶಕಾರ. ಸಂಸ್ಕೃತ ನಾಟಕಗಳಲ್ಲಿ ಈ ಶಕಾರನಂಥ ಪಾತ್ರ ಇನ್ನೊಂದಿಲ್ಲ. ರಾಜನ ಮೈದುನನೆಂಬ ಮದ, ತಲೆಯೊಳಗೆ ಹೊಟ್ಟು. 'ಸ' ಎನ್ನಬೇಕಾದಲ್ಲೆಲ್ಲ 'ಶ' ಎನ್ನುವುದರಿಂದಲೇ ಅವನಿಗೆ ಶಕಾರ ಎಂಬ ಹೆಸರು. ಆಡುವ ಪ್ರಾಕೃತಕ್ಕೂ ಶಾಕಾರಿ ಎಂದೇ ಹೆಸರು. ಪುರಾಣದ ಪಾಂಡಿತ್ಯ ತೋರಿಸಲು ಹೋಗಿ ರಾಮಾಯಣವನ್ನೂ ಭಾರತವನ್ನೂ ಕಲಸಿ, ಕುಂತಿಯನ್ನು ರಾವಣನ ಕೈಗೆ ಸಿಕ್ಕಿಸುತ್ತಾನೆ. ಸಭೆ ನಗುತ್ತದೆ. ನಕ್ಕ ಸಭೆಯ ಎದುರಿಗೇ ಅವನು ವಸಂತಸೇನೆಯ ಕತ್ತು ಹಿಸುಕುತ್ತಾನೆ, ಅಪರಾಧವನ್ನು ಚಾರುದತ್ತನ ತಲೆಗೆ ಕಟ್ಟುತ್ತಾನೆ. ಹಾಸ್ಯಗಾರನೇ ಕೊಲೆಪಾತಕಿ! ಎರಡರಲ್ಲಿ ಒಂದು ಹೆಚ್ಚಾದರೂ ಪಾತ್ರ ಕೆಟ್ಟುಹೋಗುತ್ತದೆ. ಉಚ್ಚಾರಣೆಯ ಮೇಲೆ ಪೂರ್ಣ ಹಿಡಿತವಿಲ್ಲದವನು ತಪ್ಪು ಉಚ್ಚಾರಣೆಯನ್ನು ಸರಿಯಾಗಿ ಮಾಡಲಾರ. ಏಳು ವರುಷದ ಹಿಂದೆ ರಾವಣನಾಗಿದ್ದ ನಟನು ಈಗ ರಾವಣ ಯಾರನ್ನು ಕದ್ದನೆಂಬುದೇ ತಿಳಿಯದ ದಡ್ಡನಾಗಿ ಬಂದ. ಇಂಥ ಪಾತ್ರವನ್ನು ಒಪ್ಪಿಸಬೇಕಾದರೆ ಕಂಪನಿಯ ವಿದ್ಯೆಯೇ ಬೇಕು.

ಈ ವಿದ್ಯೆಯ ಇನ್ನೊಂದು ಮುಖ ಭಾಷೆ. ಕಂಪನಿ ನಾಟಕದಲ್ಲಿ ರಾಕ್ಷಸನೂ ವ್ಯಾಕರಣ ತಪ್ಪುತ್ತಿರಲಿಲ್ಲ. ಮಹಾಪ್ರಾಣಗಳು ಗುಂಡು ಹೊಡೆದಂತೆ ಕೇಳಬೇಕು. ವಾಕ್ಯದ ಕೊನೆಯ ಕ್ರಿಯಾಪದ ನುಂಗಿಹೋಗಬಾರದು. ಬೆಳ್ಳಾವೆಯವರಂಥವರು ಬರೆದ ಸಂಭಾಷಣೆ ಹೀಗೆ ಒಪ್ಪವಾಗಿ ನುಡಿಯುವವರಿಗಾಗಿಯೇ ಬರೆದುದು. 1934ರಿಂದ 1950ರ ದಶಕದ ಕೊನೆಯವರೆಗೆ ಪೌರಾಣಿಕ ಚಿತ್ರಗಳು ಈ ಭಾಷೆಯನ್ನೇ ಆಡಿದವು. ಅದು ಯಾರ ಮನೆಯ ಭಾಷೆಯೂ ಅಲ್ಲ ಎಂದು ಆಕ್ಷೇಪಿಸುವವರುಂಟು. ನಿಜ, ಅಲ್ಲ. ಆದರೆ ಮೈಸೂರಿನವನಿಗೂ ಬೆಳಗಾವಿಯವನಿಗೂ ಸಮನಾಗಿ ತಿಳಿಯುವ, ಇಬ್ಬರಿಗೂ ಸಮನಾಗಿ ದೂರವಾದ ಒಂದು ಕನ್ನಡ ಆಗ ಬೇಕಾಗಿತ್ತು. ಅಚ್ಚ ಮೈಸೂರಿನ ಆಡುಮಾತು ಆಮೇಲೆ ತೆರೆಯ ಮೇಲೆ ನೆಲೆಸಿದಾಗ ನಮ್ಮ ಕಡೆಯ ಮಾತಿಗೆ ಅಲ್ಲಿ ಉಳಿದದ್ದು ಬಹುಮಟ್ಟಿಗೆ ಹಾಸ್ಯಗಾರನ ಪಾತ್ರ. ಹಳೆಯ ಪುರಾಣಭಾಷೆಯಲ್ಲಿ ಈ ಪಂಕ್ತಿಭೇದ ಇರಲಿಲ್ಲವೆಂಬುದನ್ನು ಹೇಳದೆ ಇರಲಾರೆ.

ಎರಡು ವರುಷದ ಮೇಲೆ ನಾಗೇಂದ್ರರಾಯರು ಕ್ಯಾಮರಾದ ಹಿಂದಕ್ಕೂ ಬಂದರು. 1943ರ 'ಸತ್ಯ ಹರಿಶ್ಚಂದ್ರ'ದ ನಿರ್ದೇಶನ ಅವರದು, ನಿರ್ಮಾಣ ಮೆಯ್ಯಪ್ಪನವರದು, ಹರಿಶ್ಚಂದ್ರ ಸುಬ್ಬಯ್ಯ ನಾಯುಡು, ಚಂದ್ರಮತಿ ಲಕ್ಷ್ಮೀಬಾಯಿ. ಎಂದರೆ ಅದೇ ತಂಡ. ಚಿತ್ರ ಮುಗಿದ ಮೇಲೆ ಮೆಯ್ಯಪ್ಪನವರು ಒಂದು ಹೊಸ ಪ್ರಯೋಗ ಮಾಡಿದರು. ಕನ್ನಡದ ಮಾತುಗಳನ್ನು ತೆಗೆದು, ತುಟಿಯ ಚಲನೆಗೆ ಹೊಂದುವಂತೆ ತಮಿಳಿನ ಮಾತುಗಳನ್ನು ಕೂಡಿಸಿ 1944ರಲ್ಲಿ ಬಿಡುಗಡೆ ಮಾಡಿದರು. ಭಾರತದಲ್ಲಿ ಹೀಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಅದಕ್ಕೆ ಹೆಸರು. 1960ರ ದಶಕದಲ್ಲಿ ಕನ್ನಡಕ್ಕೆ ಪರಭಾಷೆಯ ಡಬ್ಬಿಂಗ್ ಬೇಡವೆಂದು ದೊಡ್ಡ ಚಳವಳಿಯೇ ನಡೆಯಿತು. ಆ ವಿದ್ಯೆ ಮೊಟ್ಟಮೊದಲು ನಡೆದುದು ಕನ್ನಡ ಚಿತ್ರವೊಂದರ ಮೇಲೆ ಎಂಬುದು ಆ ಗದ್ದಲದಲ್ಲಿ ಎಷ್ಟು ಮಂದಿಗೆ ನೆನಪಿತ್ತೋ.

1947ರ 'ಮಹಾತ್ಮ ಕಬೀರ್' ಕೂಡ ಈ ಜೋಡಿಯದೇ. ನಾಗೇಂದ್ರರಾಯರ ನಿರ್ದೇಶನ, ನಾಯುಡು ಅವರ ಕಬೀರ. ದೇಶ ಇಬ್ಭಾಗವಾದ ವರುಷದಲ್ಲಿ ಹಿಂದೂ ಮುಸಲ್ಮಾನರಿಬ್ಬರಿಗೂ ಬೇಕಾದ ಸಂತನ ಕಥೆಯನ್ನು ತೆಗೆದುಕೊಂಡರು. ಅಷ್ಟರಲ್ಲಿ ರಂಗಭೂಮಿಯ ಬುಡ ಸಡಿಲವಾಗುತ್ತಿತ್ತು. ಊರೂರಿಗೆ ಟಾಕೀಸುಗಳು ಬಂದವು. ಕಂಪನಿಯವರು ಮೊಕ್ಕಾಂ ಹೂಡುವ ಊರಿನಲ್ಲಿ ಅದಕ್ಕಿಂತ ಕಡಿಮೆ ದರಕ್ಕೆ, ದಿನಕ್ಕೆ ಎರಡಾಟ, ಅದೂ ಅವರದೇ ನಾಟಕವನ್ನು ತೆರೆಯ ಮೇಲೆ ತೋರಿಸತೊಡಗಿದರು. ನಟನು ಚಿತ್ರಕ್ಕೆ ಕೊಟ್ಟ ಕಂಠವೇ ತಿರುಗಿ ಬಂದು ಅವನ ಥೇಟರಿನ ನೆಲವನ್ನು ಖಾಲಿ ಮಾಡಿತು. ಇಪ್ಪತ್ತು, ಮೂವತ್ತು ಮಂದಿ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದ ಕಂಪನಿಗಳಲ್ಲಿ ಹೆಸರಿದ್ದ ನಾಲ್ಕು ಜನ ಮದರಾಸಿನ ರೈಲು ಹತ್ತಿದರೆ ಉಳಿದವರ ಗತಿಯೇನು? ಹಿನ್ನೆಲೆ ಗಾಯನ ಬಂದ ಮೇಲಂತೂ ಹಾಡುವ ನಟನ ಅಗತ್ಯವೂ ತಪ್ಪಿತು. ಹಾರ್ಮೋನಿಯಂ ಮಾಸ್ತರರು, ಪರದೆ ಬರೆಯುವವರು, ಸ್ತ್ರೀ ಪಾತ್ರದ ಮುದುಕರು ಎಲ್ಲಿ ಹೋದರೆಂಬುದನ್ನು ಯಾವ ಚಿತ್ರದ ಇತಿಹಾಸವೂ ಬರೆಯುವುದಿಲ್ಲ. ನಮ್ಮ ಕಡೆಯ ಕೆಲವರು ಹಳ್ಳಿಯ ಜಾತ್ರೆಯ ನಾಟಕಗಳಿಗೆ ತಾಲೀಮು ಕೊಡುವ ಮಾಸ್ತರರಾಗಿ ಉಳಿದರು. ಹುಕ್ಕೇರಿ, ಗೋಕಾಕ ಸೀಮೆಯ ಊರುಗಳಲ್ಲಿ ಅಂಥವರ ಕೈಯಲ್ಲಿ ಕಲಿತವರು ಇಂದಿಗೂ ಇದ್ದಾರೆ.

ನಾಗೇಂದ್ರರಾಯರು ಮಾತ್ರ ಕಾಲವನ್ನು ಅರಿತವರು. 1953ರಲ್ಲಿ 'ಜಾತಕಫಲ'ವನ್ನು ತೆಗೆದರು. ಪುರಾಣದಿಂದ ಹೊರಬಂದು ಮನೆಯೊಳಗಿನ ಕಥೆ. ಕಿರೀಟ ಕಳಚಿಟ್ಟ ಮೇಲೆ ನಟನ ಕಷ್ಟ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ರಾವಣನು ಕೈಯೆತ್ತಿದರೆ ಅದು ಶೋಭೆ. ಪಂಚೆ ಉಟ್ಟ ಗೃಹಸ್ಥನು ಹಾಗೆ ಕೈಯೆತ್ತಿದರೆ ಜನ ನಗುತ್ತಾರೆ. ಇದೇ ದಾರಿಯಲ್ಲಿ ಬಂದ 'ಪ್ರೇಮದ ಪುತ್ರಿ' 1957ರ ಸಾಲಿನಲ್ಲಿ ಕನ್ನಡದ ಅತ್ಯುತ್ತಮ ಚಿತ್ರಕ್ಕೆ ಮೀಸಲಾದ ರಾಷ್ಟ್ರಪತಿಗಳ ಬೆಳ್ಳಿ ಪದಕವನ್ನು ಪಡೆಯಿತು. ಆ ಚಿತ್ರದಿಂದಲೇ ಅವರ ಮಗ ಆರ್. ಎನ್. ಜಯಗೋಪಾಲರು ಗೀತರಚನೆಗೆ ಬಂದರು. ಇನ್ನೊಬ್ಬ ಮಗ ಕೃಷ್ಣಪ್ರಸಾದರು ಛಾಯಾಗ್ರಾಹಕರಾದರು. ಮತ್ತೊಬ್ಬ ಮಗ ಸುದರ್ಶನರು 1961ರಲ್ಲಿ ತಂದೆಯ ನಿರ್ದೇಶನದ 'ವಿಜಯನಗರದ ವೀರಪುತ್ರ'ದ ಮೂಲಕ ನಟರಾದರು. ಹಾಡು, ಕ್ಯಾಮರಾ, ಅಭಿನಯ: ಕಂಪನಿಯಲ್ಲಿ ಒಬ್ಬನೇ ನಟನು ಹೊರುತ್ತಿದ್ದ ಹೊರೆಯನ್ನು ಮಕ್ಕಳು ಹಂಚಿಕೊಂಡಂತಾಯಿತು. ಜಯಗೋಪಾಲರ ಹಾಡುಗಳನ್ನು ಆಕಾಶವಾಣಿಯಲ್ಲಿ ಕೇಳದ ಕನ್ನಡಿಗರು ಇಲ್ಲವೆಂದೇ ಹೇಳಬಹುದು.

ನಾಗೇಂದ್ರರಾಯರ ಅಭಿನಯವನ್ನು ಕಣ್ಣಾರೆ ನೋಡಬೇಕೆನ್ನುವವರಿಗೆ ದೊರೆಯುವ ಚಿತ್ರಗಳಲ್ಲಿ ನಾನು ಮೊದಲು ಹೇಳುವುದು 1968ರ 'ಹಣ್ಣೆಲೆ ಚಿಗುರಿದಾಗ'. ತ್ರಿವೇಣಿಯವರ ಕಾದಂಬರಿ, ಎಂ. ಆರ್. ವಿಠಲರ ನಿರ್ದೇಶನ, ರಾಜಕುಮಾರ್ ಮತ್ತು ಕಲ್ಪನಾ ನಾಯಕ ನಾಯಿಕೆಯರು. ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡ ಮಗಳು, ಹಳೆಯ ಕಟ್ಟಳೆಗೆ ಅಂಟಿಕೊಂಡ ಮುದಿ ತಂದೆ. ಆ ತಂದೆ ನಾಗೇಂದ್ರರಾಯರು. ಆಗ ಅವರಿಗೆ ವಯಸ್ಸು ಎಪ್ಪತ್ತು ದಾಟಿತ್ತು. ಆ ಪಾತ್ರಕ್ಕೆ ರಾಜ್ಯದ ಪ್ರಶಸ್ತಿಯೂ ಬಂದಿತು. 1934ರಲ್ಲಿ ಅವರು ಮಗನನ್ನು ಕಳೆದುಕೊಂಡ ತಂದೆಯಾಗಿದ್ದರು, ಹತ್ತು ತಲೆಯ ದೊರೆ. 34 ವರುಷಗಳ ಮೇಲೆ ಮಗಳ ಬಾಳನ್ನು ತನ್ನ ಹಟದಿಂದ ಬಿಗಿಹಿಡಿದ ತಂದೆ, ಒಂದೇ ತಲೆಯ ಸಾಮಾನ್ಯ ಮನುಷ್ಯ. ಕೊನೆಯ ಸಾಲಿಗೆ ಕೇಳಿಸುವ ಹಂಗು ಈ ಚಿತ್ರದಲ್ಲಿ ಅವರಿಗಿಲ್ಲ. ಮೈಕು ಹತ್ತಿರದಲ್ಲಿಯೇ ಇದೆ. ಅವರು ಅದನ್ನು ನಂಬಿ ಧ್ವನಿ ಇಳಿಸಿ ಮಾತನಾಡುತ್ತಾರೆ. ಆದರೆ ಮಾತಿನ ಒಂದಕ್ಷರವೂ ಜಾರಿಹೋಗುವುದಿಲ್ಲ, ವಾಕ್ಯದ ಕೊನೆ ಕುಸಿಯುವುದಿಲ್ಲ. ಜೊತೆಯಲ್ಲಿರುವ ಎಳೆಯ ನಟರ ಮಾತಿನ ಪಕ್ಕದಲ್ಲಿ ಇಟ್ಟು ಕೇಳಿದರೆ, ಕಂಪನಿಯ ಶಿಕ್ಷಣ ಎಲ್ಲಿ ಉಳಿದಿದೆ ಎಂಬುದು ಕಿವಿಗೆ ತಾನಾಗಿ ತಿಳಿಯುತ್ತದೆ.

1976ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು. ಮರುವರುಷದ ಫೆಬ್ರವರಿಯಲ್ಲಿ ತೀರಿಕೊಂಡರು. ಸುಬ್ಬಯ್ಯ ನಾಯುಡು ಅವರು 1962ರಲ್ಲಿಯೇ ತೀರಿಕೊಂಡಿದ್ದರು. ನಾಯುಡು ಅವರ ಮಗ ಲೋಕೇಶರೂ ರಂಗಭೂಮಿಯಿಂದಲೇ ಚಿತ್ರಕ್ಕೆ ಬಂದು ಹೆಸರಾದರು. ಆದರೆ ಅಷ್ಟು ಹೊತ್ತಿಗೆ ಆ ರಂಗಭೂಮಿ ತಗಡಿನ ಥೇಟರಿನದಾಗಿರಲಿಲ್ಲ, ಹವ್ಯಾಸಿಗಳದಾಗಿತ್ತು; ಅದರ ಕಥೆ ಬೇರೆ.